ಒಂಟಿಮನೆಯ ಕಾವಲಿಗೆ ಎಂಥ ನಾಯಿ ಬೇಕು?

ಮನೆ ಕಾಯಲು ಯಾವ ದೊಡ್ಡ ತಳಿಯ ನಾಯಿ ತರಬೇಕು ಎಂದು ಯಾರಾದರೂ ಕೇಳಿದಾಗ ನಾನು ಮೊದಲಿಗೆ ತಳಿಯ ಹೆಸರನ್ನು ಹೇಳುವುದಿಲ್ಲ. ರಾತ್ರಿ ಆ ಮನೆಯಲ್ಲಿ ಮಲಗುವವರು ಎಷ್ಟು ಜನ, ಅವರ ವಯಸ್ಸೆಷ್ಟು, ನಾಯಿಗೆ ದಿನಾಲೂ ಕೈಯಾರೆ ಅನ್ನ ಹಾಕುವವರು ಯಾರು ಎಂದು ಕೇಳುತ್ತೇನೆ. ಕೇಳಿದವರಿಗೆ ಇದರಿಂದ ಸ್ವಲ್ಪ ಬೇಸರವಾಗುವುದು ಸಹಜ. ಆದರೆ ಸರ್ಕಾರಿ ಸೇವೆಯಲ್ಲೂ ನಿವೃತ್ತಿಯ ನಂತರವೂ ಮಲೆನಾಡಿನ ಮನೆಗಳಿಗೆ ಪಶುವೈದ್ಯನಾಗಿ ಹೋಗಿಬಂದ ಇಷ್ಟು ವರ್ಷಗಳಲ್ಲಿ, ತಳಿಯ ಆಯ್ಕೆ ತಪ್ಪಿ ಕೆಟ್ಟ ಮನೆಗಳಿಗಿಂತ ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳದೆ ಕೆಟ್ಟ ಮನೆಗಳನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ.

ಇಲ್ಲಿ ಕುಳಿತಿರುವ ನಿಮ್ಮಲ್ಲಿ ಬಹಳ ಮಂದಿ ಅಡಿಕೆ ಬೆಳೆಗಾರರು. ನಿಮ್ಮ ಭಯ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಪಕ್ಕದ ಮನೆಯ ದೀಪ ಕಾಣಬೇಕಾದರೆ ತೋಟ ದಾಟಿ ಗುಡ್ಡದ ತಿರುವಿನವರೆಗೆ ನಡೆಯಬೇಕು. ಕೊನೆಕೊಯ್ಲಿನ ಕಾಲದಲ್ಲಿ ಬೇಯಿಸಿದ ಅಡಿಕೆಯನ್ನು ಅಂಗಳದ ಚಪ್ಪರದ ಮೇಲೆ ಹರಡಿರುತ್ತೀರಿ, ಕ್ವಿಂಟಲಿಗೆ ಅರ್ಧ ಲಕ್ಷದ ಆಸುಪಾಸಿನ ಬೆಲೆ ಇರುವ ಮಾಲು ಅದು. ಒಳಗೆ ಎಪ್ಪತ್ತು ದಾಟಿದ ಇಬ್ಬರು ಮಲಗಿರುತ್ತಾರೆ. ಇಂಥ ಮನೆಗೆ ಕಾವಲು ಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಕಾವಲು ಎಂದರೆ ಏನು ಎಂಬಲ್ಲಿ ಮಾತ್ರ ನಮಗೆ ಸ್ಪಷ್ಟತೆ ಕಡಿಮೆ.

ನಾಯಿ ಮಾಡುವ ಕಾವಲಿನಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಹೊಸಬರು ಬಂದರೆಂದು ಬೊಗಳಿ ಮನೆಯವರನ್ನು ಎಬ್ಬಿಸುವುದು ಒಂದು. ತನ್ನ ಗಾತ್ರ ಮತ್ತು ದನಿಯಿಂದ ಬಂದವನನ್ನು ಅಂಗಳದ ಗೇಟಾದ ದಣಪೆಯಾಚೆಗೇ ನಿಲ್ಲಿಸುವುದು ಇನ್ನೊಂದು. ಒಳಗೆ ನುಗ್ಗಿದವನ ಮೇಲೆ ಬಿದ್ದು ಹಿಡಿಯುವುದು ಮೂರನೆಯದು. ಮೊದಲ ಕೆಲಸವನ್ನು ಹದಿನೈದು ಕಿಲೋ ತೂಕದ ಊರುನಾಯಿ ಯಾವ ತರಬೇತಿಯೂ ಇಲ್ಲದೆ ಚೆನ್ನಾಗಿ ಮಾಡುತ್ತದೆ. ಎರಡನೆಯ ಕೆಲಸಕ್ಕೆ ಗಾತ್ರ ಬೇಕು, ಅಂದರೆ ದೊಡ್ಡ ತಳಿಯ ಪ್ರಶ್ನೆ ಹುಟ್ಟುವುದು ಇಲ್ಲಿಂದ. ಮೂರನೆಯ ಕೆಲಸಕ್ಕೆ ಗಾತ್ರದ ಜೊತೆಗೆ ವರ್ಷಗಟ್ಟಲೆ ತರಬೇತಿ ಮತ್ತು ಅದನ್ನು ಹಿಡಿತದಲ್ಲಿಡುವ ಒಬ್ಬ ನುರಿತ ವ್ಯಕ್ತಿ ಬೇಕು. ಪೊಲೀಸ್ ಇಲಾಖೆಯ ಶ್ವಾನದಳದಲ್ಲಿ ಒಂದೊಂದು ನಾಯಿಗೂ ನಿಗದಿಯಾದ ಹ್ಯಾಂಡ್ಲರ್ ಇರುವುದು ಈ ಕಾರಣಕ್ಕೇ. ನಿಮಗೆ ಬೇಕಾಗಿರುವುದು ಮೊದಲಿನ ಎರಡು ಕೆಲಸಗಳು. ಮೂರನೆಯದನ್ನು ನೀವು ಬಯಸಲೂ ಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಚ್ಚಲು ಕಲಿತ ನಾಯಿಗೆ ಅಡಿಕೆ ಕದಿಯಲು ಬಂದವನೂ ಕರೆಂಟಿನ ಲೈನ್ ಸರಿಪಡಿಸಲು ಬಂದ ಲೈನ್‌ಮನ್ನನೂ ಕತ್ತಲಲ್ಲಿ ಒಂದೇ ರೀತಿ ಕಾಣುತ್ತಾರೆ.

ನಾನು ನೋಡಿದ ಒಂದು ಮನೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ತಂದೆತಾಯಿಗೆ ರಕ್ಷಣೆಯಾಗಲಿ ಎಂದು ಮಗ ಬೆಂಗಳೂರಿನಿಂದ ಒಂದು ರಾಟ್‌ವೀಲರ್ ಗಂಡು ಮರಿಯನ್ನು ತಂದುಕೊಟ್ಟಿದ್ದರು. ಮಗನ ಪ್ರೀತಿಯಲ್ಲಿ ಕೊರತೆ ಏನೂ ಇರಲಿಲ್ಲ, ಕಬ್ಬಿಣದ ಗೂಡು, ಚೀಲಗಟ್ಟಲೆ ಒಣ ಆಹಾರ, ಎಲ್ಲವೂ ಬಂದಿತ್ತು. ಮರಿ ಆರು ತಿಂಗಳಿಗೆ ಅಮ್ಮನನ್ನು ಎಳೆದು ಬೀಳಿಸುವಷ್ಟು ಬಲಿಯಿತು. ಅವರಿಗೆ ಮೊದಲೇ ಮಂಡಿನೋವು. ಹೀಗಾಗಿ ನಾಯಿಯ ಕೆಲಸವೆಲ್ಲ ತೋಟದ ಆಳಿನ ಪಾಲಿಗೆ ಬಂತು. ಹಗಲೆಲ್ಲ ಗೂಡಿನಲ್ಲಿ, ರಾತ್ರಿ ಹತ್ತಕ್ಕೆ ಅವನು ಬಂದು ಬಿಡುವುದು, ಬೆಳಿಗ್ಗೆ ಐದಕ್ಕೆ ಮತ್ತೆ ಕೂಡುವುದು. ಎರಡು ವರ್ಷ ಹೀಗೆ ನಡೆಯಿತು. ಒಂದು ದಿನ ಆಳು ಕೆಲಸ ಬಿಟ್ಟು ತನ್ನ ಊರಿಗೆ ಹೋದ. ಗೂಡಿನ ಬಾಗಿಲು ತೆಗೆಯುವ ಧೈರ್ಯ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ನನ್ನನ್ನು ಕರೆಸಿದಾಗ ಹನ್ನೊಂದು ದಿನಗಳು ಕಳೆದಿದ್ದವು. ಆ ತಾಯಿ ತಟ್ಟೆಯನ್ನು ಗೂಡಿನ ಕೆಳಗಿನ ಸಂದಿಯಲ್ಲಿಟ್ಟು ಕೊಕ್ಕೆಕೋಲಿನಿಂದ ಒಳಗೆ ತಳ್ಳುತ್ತಿದ್ದರು, ಅದೇ ಕೋಲಿನಿಂದ ಮತ್ತೆ ಹೊರಗೆ ಎಳೆದುಕೊಳ್ಳುತ್ತಿದ್ದರು. ಸಿಮೆಂಟು ನೆಲದ ಮೇಲೆ ಮಲಗಿ ಮಲಗಿ ನಾಯಿಯ ಎರಡೂ ಮೊಣಕೈಗಳ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಜಡ್ಡು ಕಟ್ಟಿತ್ತು, ಒಂದು ಒಡೆದು ಕೀವಾಗಿತ್ತು. ನನ್ನನ್ನು ನೋಡಿ ಅದು ಬೊಗಳಲಿಲ್ಲ. ಸರಳಿನ ಹಿಂದೆ ತಲೆ ತಗ್ಗಿಸಿ ನಿಂತು, ಕಣ್ಣನ್ನು ನನ್ನ ಮೇಲಿಂದ ತೆಗೆಯದೆ, ಗಂಟಲಿನಲ್ಲೇ ಗುರುಗುಟ್ಟಿತು. ಕಳ್ಳನಿಗಾಗಿ ತಂದ ನಾಯಿಯಿಂದ ಮನೆಯವರನ್ನು ಕಾಪಾಡುವ ಕೆಲಸ ಅಲ್ಲಿ ನನ್ನ ಪಾಲಿಗೆ ಬಂದಿತ್ತು.

ಇದು ತಳಿಯ ದೋಷವಲ್ಲ. ರಾಟ್‌ವೀಲರ್ ತಳಿಯ ಹುಟ್ಟನ್ನು ನೆನಪು ಮಾಡಿಕೊಳ್ಳಿ. ದಕ್ಷಿಣ ಜರ್ಮನಿಯ ರಾಟ್‌ವೈಲ್ ಎಂಬ ಪಟ್ಟಣದ ಕಟುಕರು ದನಗಳನ್ನು ಸಂತೆಗೆ ಹೊಡೆದುಕೊಂಡು ಹೋಗಲು, ಗಾಡಿ ಎಳೆಸಲು ಸಾಕಿದ ನಾಯಿ ಅದು. ಗಂಡು ಸುಮಾರು 50 ಕಿಲೋ ತೂಗುತ್ತದೆ, ಭುಜದವರೆಗೆ 61ರಿಂದ 68 ಸೆಂಟಿಮೀಟರ್ ಎತ್ತರ. ದಿನವಿಡೀ ಒಡೆಯನ ಜೊತೆ ನಡೆದು, ಅವನ ಮಾತಿನಂತೆ ದೊಡ್ಡ ಜಾನುವಾರುಗಳನ್ನು ತನ್ನ ಮೈಯಿಂದ ತಳ್ಳಿ ಸರಿದಾರಿಗೆ ತರುವುದು ಅದರ ಮೂಲ ಕಸುಬು. ಅಂಥ ಪ್ರಾಣಿಗೆ ಒಡೆಯನೂ ಇಲ್ಲ, ಕೆಲಸವೂ ಇಲ್ಲ, ಮಾತೂ ಇಲ್ಲ ಎಂದಾದರೆ ಉಳಿಯುವುದು ಬಲ ಒಂದೇ. ಮನೆಯಲ್ಲಿ ಗಟ್ಟಿಮುಟ್ಟಾದ ಇಬ್ಬರಾದರೂ ಇದ್ದು, ಇಬ್ಬರಿಗೂ ಅದನ್ನು ಹಗ್ಗದಲ್ಲಿ ಹಿಡಿದು ನಡೆಸುವ ಶಕ್ತಿಯಿದ್ದು, ಅದು ಮನೆಯೊಳಗೆ ಓಡಾಡಿಕೊಂಡು ಬೆಳೆಯುವಂತಿದ್ದರೆ ಮಾತ್ರ ನಾನು ರಾಟ್‌ವೀಲರ್‌ಗೆ ಒಪ್ಪುತ್ತೇನೆ. ಇಲ್ಲವಾದರೆ ಎಷ್ಟೇ ಒತ್ತಾಯ ಮಾಡಿದರೂ ಬೇಡ ಎನ್ನುತ್ತೇನೆ.

ಜರ್ಮನ್ ಶೆಫರ್ಡ್ ವಿಷಯದಲ್ಲಿ ನನ್ನ ಮನಸ್ಸು ಹೆಚ್ಚು ಮೃದುವಾಗಿದೆ. ಊರಿನಲ್ಲಿ ನಾವು ಅದನ್ನು ಅಲ್ಸೇಷಿಯನ್ ಎಂದೇ ಕರೆಯುತ್ತಾ ಬಂದಿದ್ದೇವೆ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಜರ್ಮನ್ ಸೇನಾಧಿಕಾರಿ ಒಂದು ಕುರಿಕಾಯುವ ನಾಯಿಯನ್ನು ಕೊಂಡು, ಅದನ್ನೇ ಮೂಲವಾಗಿಟ್ಟು ಈ ತಳಿಯನ್ನು ಕಟ್ಟಿದರು. ಕುರಿಮಂದೆಯ ಸುತ್ತ ಗಡಿ ತಿರುಗುವುದು ಇದರ ರಕ್ತದಲ್ಲೇ ಇರುವುದರಿಂದ, ಮನೆಯ ಸುತ್ತಲಿನ ಗಡಿಯನ್ನೂ ಅದು ಬೇಗ ತನ್ನದಾಗಿಸಿಕೊಳ್ಳುತ್ತದೆ. ಗಂಡು 30ರಿಂದ 40 ಕಿಲೋ, ಹೆಣ್ಣು 22ರಿಂದ 32 ಕಿಲೋ. ಹೆಣ್ಣಿನ ಈ ತೂಕವನ್ನು ದಯವಿಟ್ಟು ನೆನಪಿನಲ್ಲಿಡಿ. ಎತ್ತರ, ನಿಂತ ಕಿವಿ, ದನಿ ಇವೆಲ್ಲ ಕಳ್ಳನನ್ನು ಹಿಂದಕ್ಕೆ ಕಳಿಸಲು ಸಾಲುವಷ್ಟು ಇದ್ದು, ಅರವತ್ತೈದು ವರ್ಷದವರೂ ಹಿಡಿದು ನಿಲ್ಲಿಸಬಹುದಾದ ತೂಕ ಅದು. ದೋಷಗಳೂ ಇವೆ. ಸೊಂಟದ ಕೀಲು ಸರಿಯಾಗಿ ಕೂರದ ವಂಶಪಾರಂಪರ್ಯ ತೊಂದರೆ ಈ ತಳಿಯಲ್ಲಿ ಹೆಚ್ಚು. ಬೆನ್ನು ಹಿಂದಕ್ಕೆ ಇಳಿಜಾರಾಗಿ ಕಾಣುವ, ಪ್ರದರ್ಶನಕ್ಕೆಂದು ಬೆಳೆಸಿದ ಸಾಲಿನ ಮರಿಗಳನ್ನು ಬಿಟ್ಟು, ಬೆನ್ನು ನೇರವಾಗಿರುವ ತಂದೆತಾಯಿಯ ಮರಿಯನ್ನು ಹುಡುಕಿ. ಮಳೆಗಾಲದ ನಾಲ್ಕು ತಿಂಗಳಲ್ಲಿ ಇದರ ಒಳಕೂದಲು ಒಣಗುವುದೇ ಇಲ್ಲ. ವಾರಕ್ಕೆರಡು ಸಲ ಬಾಚಿ ಒಲೆಯ ಹತ್ತಿರವೋ ಫ್ಯಾನಿನ ಕೆಳಗೋ ಒಣಗಿಸುವ ವ್ಯವಧಾನ ಇಲ್ಲದಿದ್ದರೆ ಆಗುಂಬೆ ಸೀಮೆಯ ಮಳೆಗೆ ಚರ್ಮರೋಗ ಖಂಡಿತ.

ಡಾಬರ್‌ಮನ್ ಬಯಲುಸೀಮೆಯಲ್ಲಿ, ಪಟ್ಟಣದ ಮನೆಗಳಲ್ಲಿ ಬಹಳ ಚೆನ್ನಾಗಿ ಹೊಂದಿಕೊಂಡ ನಾಯಿ. ಜರ್ಮನಿಯ ಅಪೋಲ್ಡಾ ಎಂಬ ಊರಿನಲ್ಲಿ ಕಂದಾಯ ವಸೂಲಿಗೆ ಹೋಗುತ್ತಿದ್ದ ಲೂಯಿ ಡಾಬರ್‌ಮನ್ ಎಂಬಾತ, ಹಣ ಹೊತ್ತು ತಿರುಗುವಾಗ ತನ್ನ ಮೈಗಾವಲಿಗೆಂದು ಬೆಳೆಸಿದ ತಳಿ ಎಂದು ಹೇಳುತ್ತಾರೆ. ಹಾಗಾಗಿ ಅದು ಜಾಗಕ್ಕಿಂತ ವ್ಯಕ್ತಿಯನ್ನು ಕಾಯುವ ನಾಯಿ, ತನ್ನವರು ಎಲ್ಲಿರುತ್ತಾರೋ ಅಲ್ಲಿರಲು ಹಾತೊರೆಯುತ್ತದೆ. ಕೂದಲು ತೆಳು, ಮಳೆ ಚಳಿ ತಡೆಯುವುದಿಲ್ಲ, ರಾತ್ರಿ ಒಳಗೇ ಮಲಗಿಸಬೇಕು. ಹೃದಯದ ಸ್ನಾಯು ಹಿಗ್ಗುವ ಕಾಯಿಲೆ ಈ ತಳಿಗೆ ಅಂಟಿದ ಶಾಪ, ನೋಡಲು ಆರೋಗ್ಯವಾಗಿರುವ ಆರೇಳು ವರ್ಷದ ನಾಯಿ ಒಮ್ಮೆಲೇ ಕುಸಿದು ಸಾಯುವುದುಂಟು. ಮರಿ ಕೊಡುವವರ ಬಳಿ ಅದರ ತಾಯಿಯ ತಾಯಿ ಎಷ್ಟು ವರ್ಷ ಬದುಕಿತು ಎಂದು ಕೇಳಿ. ಬಾಲ ಕತ್ತರಿಸಿ, ಕಿವಿ ಕೊಯ್ದು ನಿಲ್ಲಿಸಿದರೆ ಕಾವಲು ಹೆಚ್ಚುತ್ತದೆ ಎಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ. ಎದುರಿನ ನಾಯಿಗೂ ಮನುಷ್ಯನಿಗೂ ತನ್ನ ಮನಸ್ಸು ತಿಳಿಸಲು ನಾಯಿ ಬಳಸುವ ಅಂಗಗಳೇ ಅವು, ಅವನ್ನು ಕತ್ತರಿಸುವುದು ಕ್ರೌರ್ಯ.

ಗ್ರೇಟ್ ಡೇನ್ ಮತ್ತು ಸೇಂಟ್ ಬರ್ನಾರ್ಡ್‌ಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಮೊದಲನೆಯದು ಏಳೆಂಟು ವರ್ಷ ಬದುಕುವ, ಹೊಟ್ಟೆ ತಿರುಚಿಕೊಂಡು ಕೆಲವೇ ಗಂಟೆಗಳಲ್ಲಿ ಸಾಯುವ ಅಪಾಯವಿರುವ ಪ್ರಾಣಿ. ಶಸ್ತ್ರಚಿಕಿತ್ಸೆಯ ಸೌಲಭ್ಯ ಎರಡು ಗಂಟೆಯ ದೂರದಲ್ಲಿರುವ ಹಳ್ಳಿಗೆ ಅದನ್ನು ತರುವುದು ಸರಿಯಲ್ಲ. ಎರಡನೆಯದು ಹಿಮದ ಪರ್ವತದ ನಾಯಿ. ಅದನ್ನು ಏಪ್ರಿಲ್ ತಿಂಗಳಲ್ಲಿ ಏದುಸಿರು ಬಿಡುವಂತೆ ಮಾಡಿ ಕಾವಲು ಕೇಳುವುದು ನ್ಯಾಯವಲ್ಲ. ಟಿಬೆಟಿಯನ್ ಮ್ಯಾಸ್ಟಿಫ್, ಕಕೇಷಿಯನ್ ಶೆಫರ್ಡ್‌ಗಳಿಗೂ ಇದೇ ಮಾತು.

ಈಗ ನಮ್ಮದೇ ಮುಧೋಳದ ವಿಷಯ. ಬೇರೆ ದೇಶದ ನಾಯಿ ಯಾಕೆ, ನಮ್ಮ ಮುಧೋಳ ಯಾಕಾಗಬಾರದು ಎಂದು ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ. ಅಭಿಮಾನದ ಪ್ರಶ್ನೆ ಅದು, ನನಗೂ ಆ ಅಭಿಮಾನ ಇದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, 2016ರಲ್ಲಿ ಅಲ್ಲಿಂದ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿ ತಂದಿತು. ಆದರೆ ಮುಧೋಳ ಎಂಬುದು ಕಣ್ಣಿನಿಂದ ಬೇಟೆಯನ್ನು ಗುರುತಿಸಿ, ಬಯಲಿನಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿಯುವ ನಾಯಿ. ಎತ್ತರವಿದ್ದರೂ ಮೈ ಹಗುರ, ಇಪ್ಪತ್ತೈದು ಕಿಲೋದ ಆಸುಪಾಸು. ಹೊಸಬರನ್ನು ಬೇಗ ಹತ್ತಿರ ಸೇರಿಸುವುದಿಲ್ಲ, ಸೂಕ್ಷ್ಮ ಸ್ವಭಾವದ್ದು, ಗದರಿಸಿದರೆ ಮುದುಡಿಕೊಳ್ಳುತ್ತದೆ. ವಿಜಯಪುರ, ಗದಗ, ಬಾಗಲಕೋಟೆಗಳಲ್ಲಿ ಹೊಲದ ಮನೆಗೆ ಅದು ಒಪ್ಪುವಂತೆ ಬೇರೆ ಯಾವ ನಾಯಿಯೂ ಒಪ್ಪುವುದಿಲ್ಲ. ಅಗಳು, ಬೇಲಿ, ಪೊದೆಗಳ ನಡುವೆ ಹತ್ತು ಮಾರು ಓಡಲೂ ಜಾಗವಿಲ್ಲದ ಅಡಿಕೆ ತೋಟದಲ್ಲಿ ಅದನ್ನು ಕಟ್ಟಿಹಾಕಿದರೆ ಅದರ ಕಾಲುಗಳಿಗೆ ನಾವು ಮಾಡುವ ಅನ್ಯಾಯ. ತಮಿಳುನಾಡಿನ ಬಿಳಿಯ ರಾಜಪಾಳಯಂ ಕಾವಲಿಗೆ ಮುಧೋಳಕ್ಕಿಂತ ಗಟ್ಟಿ, ಆದರೆ ಒಂದೇ ರಕ್ತದೊಳಗೆ ಕೂಡಿಸಿದ ಸಾಲುಗಳಲ್ಲಿ ಹುಟ್ಟುಕಿವುಡು ಕಾಣುತ್ತದೆ. ಮರಿಯ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡದೆ ತರಬೇಡಿ.

ನಾಯಿಯ ಮೇಲಿನ ನಮ್ಮ ಅಭಿಮಾನ ಇಂದಿನದಲ್ಲ ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಾಸನವನ್ನು ನೀವು ಅವಕಾಶವಾದಾಗ ನೋಡಬೇಕು. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರನಿಗೆ ಗಂಗ ಅರಸ ಬೂತುಗ ಏನು ಬೇಕೋ ಕೇಳು ಎಂದಾಗ ಅವನು ಅರಸನ ಬಳಿಯಿದ್ದ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತಾಗ, ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಲ್ಲಿನ ಮೇಲೆ ಎದುರುಬದುರಾಗಿ ಸೆಣಸುತ್ತಿರುವ ನಾಯಿ ಮತ್ತು ಹಂದಿಯ ಚಿತ್ರ ಇಂದಿಗೂ ಇದೆ. ಆ ಕಾಳಿ ಮಣಲೇರನ ಜೊತೆಯಲ್ಲೇ ಇದ್ದ ನಾಯಿ, ಅವನು ಅದನ್ನು ದೂರದಲ್ಲಿ ಕಟ್ಟಿಹಾಕಿ ಕಾವಲು ಕೇಳಿದವನಲ್ಲ.

ಕಟ್ಟಿಹಾಕುವ ಮಾತು ಬಂದದ್ದರಿಂದ ಚಿರತೆಯ ವಿಷಯಕ್ಕೆ ಬರುತ್ತೇನೆ. ದೊಡ್ಡ ನಾಯಿ ಇದ್ದರೆ ಚಿರತೆ ಬರುವುದಿಲ್ಲ ಎಂಬ ಮಾತು ನಮ್ಮಲ್ಲಿ ಬಲವಾಗಿದೆ. ಅದು ತಪ್ಪು, ಮತ್ತು ಪ್ರಾಣಕ್ಕೆ ಕುತ್ತು ತರುವ ತಪ್ಪು. ಚಿರತೆಗೆ ನಾಯಿ ಎಂದರೆ ಸುಲಭವಾದ ಆಹಾರ. ಅದರಲ್ಲೂ ಸರಪಳಿಯಲ್ಲಿ ಬಿಗಿದ ನಾಯಿ ಹಿಂದಕ್ಕೆ ಸರಿಯಲಾರದು, ಜಗಲಿ ಹತ್ತಲಾರದು. ಬೆಳಿಗ್ಗೆ ಎದ್ದಾಗ ತುಂಡಾದ ಪಟ್ಟಿ ಮಾತ್ರ ಉಳಿದ ಮನೆಗಳು ನಮ್ಮ ತಾಲ್ಲೂಕಿನಲ್ಲಿ ಎಷ್ಟಿವೆ ಎಂದು ನಿಮಗೇ ಗೊತ್ತು. ಹಿಂದಿನವರು ನಾಯಿಯ ಕುತ್ತಿಗೆಗೆ ಕಬ್ಬಿಣದ ಮುಳ್ಳಿನ ಪಟ್ಟಿ ಹಾಕುತ್ತಿದ್ದರು, ಅದು ಮೊದಲ ಹಿಡಿತವನ್ನು ತಪ್ಪಿಸಬಹುದು, ಅಷ್ಟೇ. ನಾಯಿ ರಾತ್ರಿ ಮನೆಯೊಳಗೆ ಮಲಗಲಿ. ಒಳಗೆ ಬಿಟ್ಟುಕೊಳ್ಳುವ ರೂಢಿ ನಿಮ್ಮಲ್ಲಿ ಇಲ್ಲದಿದ್ದರೆ, ಜಗಲಿಗೆ ಅಂಟಿಕೊಂಡಂತೆ ನಾಲ್ಕೂ ಕಡೆಗೆ ಮತ್ತು ಮೇಲಕ್ಕೂ ಗಟ್ಟಿ ಜಾಲರಿ ಇರುವ ಒಂದು ಕೋಣೆ ಮಾಡಿಸಿ. ಒಳಗೆ ಮಲಗಿದ ನಾಯಿ ಕಾವಲು ಕಾಯುವುದಿಲ್ಲ ಎಂಬ ಅನುಮಾನ ಬೇಡ. ಕಿವಿ ಒಳಗಿನಿಂದಲೂ ಕೇಳುತ್ತದೆ. ಮೇಲಾಗಿ ಹೊರಗಿನ ನಾಯಿಗೆ ವಿಷ ಹಾಕಿದ ಮಾಂಸ ಎಸೆದು ಸಾಯಿಸಿ ಕಳ್ಳತನ ಮಾಡಬಹುದು, ಬಾಗಿಲ ಒಳಗಿರುವ ನಾಯಿಗೆ ಹಾಗೆ ಮಾಡಲಾಗುವುದಿಲ್ಲ. ಎಂಬತ್ತು ಕಿಲೋದ ನಾಯಿ ಗೂಡಿನಲ್ಲಿದ್ದರೂ ಅದರ ಬಲ ಗೂಡಿನಷ್ಟೇ. ಇಪ್ಪತ್ತೈದು ಕಿಲೋದ ನಾಯಿ ನಿಮ್ಮ ಮಂಚದ ಬುಡದಲ್ಲಿದ್ದರೆ ಬಾಗಿಲು ಮುರಿಯಲು ಬಂದವನು ಅದರ ದನಿಯನ್ನು ದಾಟಿಯೇ ನಿಮ್ಮ ಬಳಿ ಬರಬೇಕು.

ವಿಷದ ಮಾತನ್ನು ಇನ್ನೂ ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ನಮ್ಮ ಕಡೆ ಕಾವಲು ನಾಯಿಗಳು ಕಳ್ಳರಿಂದ ಸಾಯುವುದಕ್ಕಿಂತ ನಮ್ಮದೇ ತೋಟದಲ್ಲಿ ಸಾಯುವುದು ಹೆಚ್ಚು. ಬಸವನಹುಳುವಿಗೆಂದು ಗಿಡದ ಬುಡಕ್ಕೆ ಹಾಕುವ ಗುಳಿಗೆಗಳು ನಾಯಿಗೆ ರುಚಿ. ತಿಂದ ಒಂದೆರಡು ಗಂಟೆಗಳಲ್ಲಿ ನಡುಕ ಶುರುವಾಗಿ ಮೈ ಕೆಂಡವಾಗುತ್ತದೆ. ಕಾಡುಹಂದಿಗೆಂದು ಯಾರೋ ಇಟ್ಟ ಸಿಡಿಮದ್ದಿನ ಉಂಡೆ ಕಚ್ಚಿ ದವಡೆ ಛಿದ್ರವಾದ ನಾಯಿಗಳನ್ನು ನನ್ನ ಮೇಜಿನ ಮೇಲೆ ಮಲಗಿಸಿದ್ದಾರೆ, ಉಳಿಸಲು ಆಗಲಿಲ್ಲ. ಕೊಳಕುಮಂಡಲ ಹಾವಿನ ಕಡಿತ ಮತ್ತೊಂದು. ಆದ್ದರಿಂದ ದೊಡ್ಡ ನಾಯಿ ತಂದವರು ಕಲಿಸಲೇಬೇಕಾದ ಮೊದಲ ಪಾಠ ಕಚ್ಚುವುದಲ್ಲ, ಬಿಡುವುದು. ನೆಲದ ಮೇಲಿನದನ್ನು ತಿನ್ನಬಾರದು, ಹೊಸಬರ ಕೈಯಿಂದ ತೆಗೆದುಕೊಳ್ಳಬಾರದು, ‘ಬಿಡು’ ಎಂದರೆ ಬಾಯಿಯಲ್ಲಿರುವುದನ್ನು ಬಿಡಬೇಕು, ‘ಬಾ’ ಎಂದರೆ ಬೇಲಿಯ ಆಚೆಯಿಂದಲೂ ತಿರುಗಿ ಬರಬೇಕು. ಈ ಪಾಠವನ್ನು ಮನೆಯ ಎಲ್ಲರೂ ಒಂದೇ ಮಾತಿನಲ್ಲಿ ಕಲಿಸಬೇಕು. ಅಪ್ಪ ‘ಬಿಡು’ ಎಂದು, ಮಗ ‘ಡ್ರಾಪ್’ ಎಂದು, ಅಜ್ಜಿ ‘ಥೂ, ಹಾಕೇ ಕೆಳಗೆ’ ಎಂದರೆ ಪಾಪದ ಪ್ರಾಣಿ ಯಾವುದನ್ನು ಕೇಳಬೇಕು?

ಮರಿಯನ್ನು ತರುವ ವಯಸ್ಸಿನ ಬಗ್ಗೆ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳೇ ಹೇಳುತ್ತವೆ. ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು ಎಂದೂ ಹೇಳುತ್ತವೆ. ಮೂರು ವಾರದಿಂದ ಹದಿನಾಲ್ಕು ವಾರದವರೆಗಿನ ಅವಧಿ ಮರಿಯ ಸ್ವಭಾವ ರೂಪುಗೊಳ್ಳುವ ಕಾಲ. ಆ ದಿನಗಳಲ್ಲಿ ಅದು ಮಕ್ಕಳನ್ನು, ಹಾಲಿನವರನ್ನು, ಕೊಡೆ ಹಿಡಿದವರನ್ನು, ಕೊನೆಗಾರರನ್ನು, ಕೊಟ್ಟಿಗೆಯ ದನಗಳನ್ನು ನೋಡಿ ಅಭ್ಯಾಸವಾಗಿರಬೇಕು. ಯಾರನ್ನೂ ತೋರಿಸದೆ ಬೆಳೆಸಿದರೆ ಒಳ್ಳೆಯ ಕಾವಲುನಾಯಿಯಾಗುತ್ತದೆ ಎಂಬ ನಂಬಿಕೆಯೇ ನಮ್ಮಲ್ಲಿ ಅತಿ ಹೆಚ್ಚು ಹಾನಿ ಮಾಡಿದೆ. ಯಾರನ್ನೂ ಕಾಣದೆ ಬೆಳೆದ ನಾಯಿಗೆ ಹೆದರಿಕೆ ಹೆಚ್ಚು, ಹೆದರಿದ ನಾಯಿಯೇ ಕಚ್ಚುವ ನಾಯಿ. ಯಾವುದು ಮಾಮೂಲು ಎಂದು ಚೆನ್ನಾಗಿ ತಿಳಿದ ನಾಯಿಗೆ ಮಾತ್ರ ಯಾವುದು ಮಾಮೂಲಲ್ಲ ಎಂದು ತಿಳಿಯುತ್ತದೆ.

ಮೇವಿನ ವಿಷಯ ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಸೂಕ್ಷ್ಮವಾದದ್ದು, ಆದರೂ ಹೇಳಬೇಕು. ನಲವತ್ತು ಕಿಲೋದ ನಾಯಿಗೆ ದಿನಕ್ಕೆ ಸುಮಾರು 1,700 ಕ್ಯಾಲೊರಿ ಬೇಕು. ಬರೀ ಮೊಸರನ್ನದಲ್ಲಿ ಬೆಳೆದ ದೊಡ್ಡ ತಳಿಯ ಮರಿಯ ಮುಂಗಾಲು ಬಿಲ್ಲಿನಂತೆ ಬಾಗುತ್ತದೆ. ಅದನ್ನು ನೋಡಿ ಗಾಬರಿಯಾಗಿ ಡಬ್ಬಿಗಟ್ಟಲೆ ಕ್ಯಾಲ್ಸಿಯಂ ಹಾಕಿದರೆ ಕೀಲು ಇನ್ನೂ ಕೆಡುತ್ತದೆ. ಮೂಳೆ ಬಲಿಯಲು ಒಂದೂವರೆ ವರ್ಷದವರೆಗೂ ಬೇಕು, ಅಲ್ಲಿಯವರೆಗೆ ದೊಡ್ಡ ತಳಿಯ ಮರಿಗೆಂದೇ ಇರುವ ಆಹಾರ ಕೊಡಿ, ಅದಾದ ಮೇಲೆ ಅನ್ನ, ರಾಗಿ, ಮೊಟ್ಟೆ, ಹಾಲಿನ ಪದಾರ್ಥಗಳಲ್ಲಿ ಹೊಂದಿಸಬಹುದು. ಮೊಟ್ಟೆಯೂ ಮನೆಯೊಳಗೆ ಬರಬಾರದು ಎನ್ನುವವರು ದೊಡ್ಡ ತಳಿಯನ್ನು ತರದಿರುವುದೇ ಒಳ್ಳೆಯದು. ಜೊತೆಗೆ ಉಣುಗು. ಕಾಡಿನಂಚಿನ ನಮ್ಮ ಮನೆಗಳಲ್ಲಿ ನಾಯಿಗಳನ್ನು ಬಲಿ ತೆಗೆದುಕೊಳ್ಳುವ ಕಾಯಿಲೆಗಳಲ್ಲಿ ಉಣುಗಿನಿಂದ ಬರುವ ಜ್ವರ ಮುಖ್ಯವಾದದ್ದು, ಹೊರದೇಶದ ತಳಿಗಳಂತೂ ಅದಕ್ಕೆ ಬೇಗ ಬಗ್ಗುತ್ತವೆ. ಒಸಡು ಬಿಳಿಚಿಕೊಂಡಿದೆಯೇ, ಮೂಗಿನಲ್ಲಿ ರಕ್ತ ಬಂತೇ ಎಂದು ನೋಡುತ್ತಿರಿ, ಒಂದು ಹೊತ್ತು ಊಟ ಬಿಟ್ಟರೂ ಅಸಡ್ಡೆ ಮಾಡಬೇಡಿ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ವರ್ಷಕ್ಕೊಮ್ಮೆ ತಪ್ಪದೆ ಮುಂದುವರಿಸಿ. ಸಾಕಿದ ನಾಯಿಯೇ ಕಚ್ಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ಕಾನೂನಿನ ಬಗ್ಗೆ ಇಲ್ಲಿ ಗೊಂದಲ ಇರುವುದರಿಂದ ಎರಡು ಮಾತು. 2024ರ ಮಾರ್ಚ್‌ನಲ್ಲಿ ಕೇಂದ್ರದ ಪಶುಸಂಗೋಪನಾ ಇಲಾಖೆ ರಾಟ್‌ವೀಲರ್, ಪಿಟ್‌ಬುಲ್, ಕೇನ್ ಕೋರ್ಸೊ, ಕಂಗಾಲ್, ಮ್ಯಾಸ್ಟಿಫ್ ಮೊದಲಾದ 23 ತಳಿಗಳನ್ನು ಕ್ರೂರ ಎಂದು ಪಟ್ಟಿ ಮಾಡಿ, ಅವುಗಳ ಆಮದು, ಸಂತಾನೋತ್ಪತ್ತಿ ಮತ್ತು ಮಾರಾಟ ತಡೆಯಬೇಕೆಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಿದ್ದು ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್‌ನಲ್ಲಿ ಆ ಸುತ್ತೋಲೆಯನ್ನು ರದ್ದುಪಡಿಸಿತು. ಸುತ್ತೋಲೆ ರದ್ದಾಯಿತೆಂದರೆ ಸಾಕಿದವರ ಹೊಣೆ ರದ್ದಾಯಿತೆಂದಲ್ಲ. ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ, ತನ್ನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಒಡೆಯನಿಗೆ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಊರುನಾಯಿಗೂ ಈ ಕಲಮು ಅನ್ವಯಿಸುತ್ತದೆ, ರಾಟ್‌ವೀಲರ್‌ಗೂ ಅನ್ವಯಿಸುತ್ತದೆ.

ಹಾಗಾದರೆ ಎಪ್ಪತ್ತರ ಇಬ್ಬರೇ ಇರುವ ಮನೆಗೆ ನನ್ನ ಸಲಹೆ ಏನು ಎಂದು ಕೇಳುತ್ತೀರಿ. ಮರಿ ತರಬೇಡಿ. ಎರಡು ಮೂರು ವರ್ಷದ, ಸ್ವಭಾವ ಗೊತ್ತಾಗಿರುವ, ಮರಿಯಾಗದಂತೆ ಶಸ್ತ್ರಚಿಕಿತ್ಸೆಯಾದ ಹೆಣ್ಣು ಜರ್ಮನ್ ಶೆಫರ್ಡ್ ಆಗಬಹುದು, ಶೆಫರ್ಡ್ ಮತ್ತು ಊರುನಾಯಿಯ ಬೆರಕೆಯಾದರೆ ಇನ್ನೂ ಒಳ್ಳೆಯದು. ಬೆರಕೆ ನಾಯಿಗಳು ನಮ್ಮ ಮಳೆಯನ್ನೂ ಉಣುಗನ್ನೂ ಹೆಚ್ಚು ತಾಳಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಊರು ಬಿಟ್ಟು ಹೋಗುವವರು, ಚಿಕ್ಕ ಮನೆಗೆ ಹೋಗುವವರು ಇಂಥ ನಾಯಿಗಳನ್ನು ಒಳ್ಳೆಯ ಮನೆ ಸಿಕ್ಕರೆ ಕೊಡುತ್ತಾರೆ. ಮೊದಲ ತಿಂಗಳು ಅನ್ನ ಹಾಕುವ ಕೈ ಮನೆಯವರದೇ ಆಗಿರಬೇಕು, ಆಳಿನದಲ್ಲ. ಜೊತೆಗೆ ಒಂದು ಊರುನಾಯಿ ಇದ್ದರೆ ಬಹಳ ಅನುಕೂಲ, ಸಣ್ಣ ನಾಯಿ ಬೇಗ ಎಚ್ಚರಗೊಳ್ಳುತ್ತದೆ, ದೊಡ್ಡದು ಮುಂದೆ ನಿಲ್ಲುತ್ತದೆ.

ಆಗ ಹೇಳಿದ ಮನೆಯಲ್ಲಿ ಹೀಗೇ ಆಯಿತು. ಆ ರಾಟ್‌ವೀಲರ್‌ನ ತಪ್ಪು ಏನೂ ಇರಲಿಲ್ಲವಾದ್ದರಿಂದ, ಒಂದು ತಿಂಗಳು ದಿನಾ ಗೂಡಿನ ಹತ್ತಿರ ಕುಳಿತು ಅದರ ವಿಶ್ವಾಸ ಗಳಿಸಿ, ಕಾಫಿ ತೋಟದಲ್ಲಿ ಗಂಡಹೆಂಡತಿ ಇಬ್ಬರೂ ನಾಯಿ ಪಳಗಿಸಿ ಗೊತ್ತಿದ್ದ ಒಂದು ಸಂಸಾರಕ್ಕೆ ಅದನ್ನು ಒಪ್ಪಿಸಿದೆವು. ಅಲ್ಲಿ ಅದು ಈಗ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತು ತೋಟವೆಲ್ಲ ತಿರುಗುತ್ತದೆ. ಈ ಮನೆಗೆ ಮೂರು ವರ್ಷದ ಒಂದು ಬೆರಕೆ ಹೆಣ್ಣುನಾಯಿ ಬಂತು, ಇಪ್ಪತ್ತಾರು ಕಿಲೋ, ಒಂದು ಕಿವಿ ನಿಂತದ್ದು, ಇನ್ನೊಂದು ಮಡಿಚಿಕೊಂಡದ್ದು. ಅದರ ಬೊಗಳುವಿಕೆಯನ್ನು ಆ ತಾಯಿ ಈಗ ಮಾತಿನಂತೆ ಓದುತ್ತಾರೆ. ಮಂಗ ಬಂದರೆ ಮೇಲಕ್ಕೆ ನೋಡಿ ಎಡೆಬಿಡದೆ ಕೂಗುತ್ತದೆಯಂತೆ, ಮನುಷ್ಯರು ಬಂದರೆ ದಣಪೆಯ ಕಡೆ ತಿರುಗಿ ತಡೆತಡೆದು ಬೊಗಳುತ್ತದೆಯಂತೆ, ಚಿರತೆಯ ವಾಸನೆ ಬಂದ ರಾತ್ರಿ ಬೊಗಳುವುದೇ ಇಲ್ಲ, ಅವರ ಮಂಚಕ್ಕೆ ಮೈ ಒತ್ತಿಕೊಂಡು ನಿಲ್ಲುತ್ತದೆಯಂತೆ.

ಕಳೆದ ತಿಂಗಳು ಲಸಿಕೆ ಹಾಕಲು ಹೋಗಿದ್ದೆ. ನಾನು ದಣಪೆ ದಾಟಿದ ಕೂಡಲೇ ಅದು ಜಗಲಿಯಿಂದ ಇಳಿದು ಬಂದು, ನನಗೂ ಮೆಟ್ಟಿಲಿಗೂ ನಡುವೆ ಅಡ್ಡವಾಗಿ ನಿಂತಿತು. ಒಳಗಿನಿಂದ ಆ ತಾಯಿ, ‘ನಮ್ಮ ಡಾಕ್ಟ್ರು ಕಣೇ, ಬಿಡು’ ಎಂದರು. ಅದು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಜೇಬಿನಿಂದ ಬಿಸ್ಕತ್ತು ತೆಗೆದು ಕೊಟ್ಟೆ. ಮೂಸಿ ನೋಡಿ, ಬಾಗಿಲಲ್ಲಿ ನಿಂತಿದ್ದ ಅವರ ಮುಖ ನೋಡಿತು. ಅವರು ಬಂದು ನನ್ನ ಕೈಯಿಂದ ಆ ಬಿಸ್ಕತ್ತು ತೆಗೆದುಕೊಂಡು ಕೊಟ್ಟ ಮೇಲೆಯೇ ತಿಂದಿತು.